ಶಾಸನಗಳ ತ್ರಿಮಾನ ಪ್ರತಿರೂಪಗಳೂ ವೀಕ್ಷಕ ತಂತ್ರಾಂಶದ ಪರೀಕ್ಷೆಯೂ

ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಬಳಿಕ ಬೆಂಗಳೂರಿನ ಸುತ್ತಣ ಅನೇಕ ಕಲ್ಲುಗಳು ರಸ್ತೆ, ಬಡಾವಣೆಗಳ ಕೆಲಸದಲ್ಲಿ ಕಣ್ಮರೆಯಾಗಿವೆ. ಉಳಿದವುಗಳ ತ್ರಿಮಾನ ಪ್ರತಿರೂಪಗಳನ್ನು ಸಿದ್ಧಪಡಿಸುವ ಕಾರ್ಯವನ್ನು ಮಿಥಿಕ್ ಸೊಸೈಟಿಯು 2021ರಲ್ಲಿ ಕೈಗೊಂಡಿತು. ಕಾರ್ಖಾನೆಗಳ ನಡುವೆ ಬೆಳೆಯುತ್ತಿರುವ ಬಿಡದಿಯಂತಹ ಊರಿನ ಪಾಲಿಗೆ ಇದು ಮಹತ್ತ್ವದ ಕೆಲಸ. ಆದರೆ ಕಲ್ಲನ್ನು ಬಿಟ್ಟು ತೆರೆಯ ಮೇಲಣ ರೂಪವನ್ನು ಓದುವವರು, ಆ ರೂಪವನ್ನು ತೋರಿಸುವ ತಂತ್ರಾಂಶವನ್ನು ಮೊದಲು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.

ತ್ರಿಮಾನ ಪ್ರತಿರೂಪವೆಂದರೆ ಸಣ್ಣ ಸಣ್ಣ ತ್ರಿಕೋನಗಳ ಬಲೆ. ಒಂದು ತಂತ್ರಾಂಶದಲ್ಲಿ ಹೆಣೆದ ಬಲೆಯನ್ನು ಮತ್ತೊಂದರಲ್ಲಿ ತೆರೆಯುವಾಗ ದೋಷಗಳು ನುಸುಳುತ್ತವೆ. ಎಸ್‌ಟಿಎಲ್ ಬಗೆಯ ಕಡತದಲ್ಲಿ ಅಳತೆಯ ಮಾನವನ್ನು ಹೇಳಿರುವುದಿಲ್ಲ. ಜಿಎಲ್‌ಟಿಎಫ್ ನಿಯಮವು ಎಲ್ಲವನ್ನೂ ಮೀಟರಿನಲ್ಲಿ ಎಣಿಸುತ್ತದೆ. ಆದುದರಿಂದ 1200 ಮಿಲಿಮೀಟರಿನ ಕಲ್ಲು 1200 ಮೀಟರಿನದಾಗಿ ಸಾವನದುರ್ಗವನ್ನು ನಾಚಿಸುವುದುಂಟು. ನಿಂತ ಕಲ್ಲು ಮಲಗಿರುವಂತೆ ಕಾಣುವುದೂ ಉಂಟು. ಇವು ನೋಡಿದೊಡನೆ ತಿಳಿಯುವ ತಪ್ಪುಗಳು; ಇವುಗಳಿಂದ ಕೇಡಿಲ್ಲ.

ಕೇಡಿರುವುದು ತಿಳಿಯದ ತಪ್ಪುಗಳಲ್ಲಿ. ಒಂದು ಅಕ್ಷದ ಚಿಹ್ನೆ ತಿರುಗಿದರೆ ರೂಪವು ಕನ್ನಡಿಯಲ್ಲಿ ಕಂಡಂತಾಗುತ್ತದೆ. ಬರಹವಿದ್ದರೆ ಅಕ್ಷರಗಳೇ ದೂರು ಹೇಳುತ್ತವೆ. ಬರಹವಿಲ್ಲದ ವೀರಗಲ್ಲಿನಲ್ಲಿ ಬಲಗೈಯ ಕತ್ತಿ ಎಡಗೈಗೆ ಬಂದರೆ ಕೇಳುವವರು ಯಾರು? ವಿದ್ಯಾರ್ಥಿಯೊಬ್ಬನು ಅದರ ಮೇಲೆ ಒಂದು ಪ್ರಬಂಧವನ್ನೇ ಬರೆದಾನು! ಬೆಳಕು ಕೆಳಗಿನಿಂದ ಬಿದ್ದರಂತೂ ಕೊರೆದ ಗೀಟು ಉಬ್ಬಿದಂತೆ ತೋರಿ ನಮ್ಮ ಕಣ್ಣೇ ಮೋಸಹೋಗುತ್ತದೆ.

ಈ ಕಾರಣದಿಂದ ನಾವು 100 ಮಿಲಿಮೀಟರಿನ ಘನವೊಂದರ ಪ್ರತಿರೂಪವನ್ನು ಮಾಡಿ, ಅದರ ಒಂದೇ ಮುಖದ ಮೇಲೆ ‘ದನ’, ‘ಧನ’ ಎಂಬೆರಡು ಪದಗಳನ್ನು ಕೊರೆದಂತೆ ರಚಿಸಿದೆವು. ಅಳತೆ, ದಿಕ್ಕು, ಎಡಬಲಗಳನ್ನು ಇದೊಂದರಿಂದಲೇ ನೋಡಬಹುದು. ತಪ್ಪು ಕಂಡಾಗ ಅದೇ ಕಡತವನ್ನು ಬೇರೊಂದು ವೀಕ್ಷಕದಲ್ಲಿ ತೆರೆದೆವು: ಅಲ್ಲಿಯೂ ಅದೇ ತಪ್ಪಿದ್ದರೆ ಕಡತವನ್ನೂ, ಇಲ್ಲದಿದ್ದರೆ ಮೊದಲ ವೀಕ್ಷಕವನ್ನೂ ಶಂಕಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ನೋಡಿದೆವು. ಕಡತವು ಬೇಗ ತೆರೆಯಲೆಂದು ತ್ರಿಕೋನಗಳ ಸಂಖ್ಯೆಯನ್ನು ಬಹಳವಾಗಿ ತಗ್ಗಿಸಿದಾಗ ‘ಧ’ಕಾರದ ಸೀಳು ಅಳಿಸಿಹೋಯಿತು. ಧನವು ದನವಾಯಿತು, ರೂಪವಾದರೋ ಮೊದಲಿಗಿಂತಲೂ ನಯವಾಗಿ, ಸುಂದರವಾಗಿ ತೋರುತ್ತಿದ್ದಿತು. ದಾನಶಾಸನದಲ್ಲಿ ಇಂತಹ ಸೀಳು ಅಳಿದರೆ ಅರ್ಥವೇ ಬೇರೆಯಾಗುವುದೆಂದು ಬೇರೆ ಹೇಳಬೇಕಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ರಾಮನಗರದ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಇಲ್ಲಿಯ ಶಿಲೆಯಲ್ಲಿ ದಪ್ಪ ಹರಳುಗಳಿವೆ. ಹರಳು ಉದುರಿದ ಕುಳಿಯು ತೆರೆಯ ಮೇಲೆ ಬಿಂದುವಿನಂತೆ ಕಾಣಬಲ್ಲುದು. ನಯಗೊಳಿಸಿದರೆ ಕುಳಿಯೊಡನೆ ಗೀಟೂ ಹೋಗುತ್ತದೆ. ಹಾಗೆಯೇ ಬಿಟ್ಟರೆ ಕುಳಿಯೂ ಗೀಟೂ ಒಂದೇ ಆಗಿ ತೋರುತ್ತವೆ. ಓರೆಬೆಳಕನ್ನು ನಾಲ್ಕು ಕಡೆಗಳಿಂದ ಬೀರಿ ನೋಡುವುದರಿಂದ ಸ್ವಲ್ಪ ಸಹಾಯವಾಗುತ್ತದೆ. ಅನಂತರವೂ ಸಂದೇಹ ಉಳಿದಲ್ಲಿ ಹಳೆಯ ಪಡಿಯಚ್ಚನ್ನು ನೋಡಬೇಕು. ಕಲ್ಲು ಇನ್ನೂ ಇದ್ದರೆ ಅಲ್ಲಿಗೇ ಹೋಗಿ ಬೆರಳಾಡಿಸಿ ನೋಡಬೇಕು. ಪಾಠವನ್ನು ಪ್ರಕಟಿಸುವವರು ಕಡತದ ಬಗೆಯನ್ನೂ, ತ್ರಿಕೋನಗಳ ಮೂಲಸಂಖ್ಯೆಯನ್ನೂ, ಉಳಿಸಿಕೊಂಡ ಸಂಖ್ಯೆಯನ್ನೂ ಅದರೊಡನೆ ನಮೂದಿಸಬೇಕೆಂದು ಕೋರುತ್ತೇವೆ.