ಸೊಂಟ ನೋವು: ಆಪರೇಷನ್ ಯಾರಿಗೆ, ಯಾವಾಗ?



ತೋಟಕ್ಕೆ ಸೊಪ್ಪು, ಗೊಬ್ಬರ ಹೊರುವ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಸೊಂಟ ಹಿಡಿದು ಮಲಗುವವರು ಹೆಚ್ಚು. ಇಡೀ ದಿನ ಬಗ್ಗಿ ಅಡಿಕೆ ಹೆಕ್ಕುವವರಿಗೂ, 50 ಕಿಲೋ ಚೀಲವನ್ನು ಒಬ್ಬರೇ ಎತ್ತುವವರಿಗೂ ಈ ನೋವು ಹೊಸತಲ್ಲ. ಕೆಲವರು ಹೆದರಿ, ಚಿನ್ನ ಅಡವಿಟ್ಟು ಆಪರೇಷನಿಗೆ ಹೊರಡುತ್ತಾರೆ. ಇನ್ನು ಕೆಲವರು ಆಸ್ಪತ್ರೆಗೆ ಓಡಬೇಕಾದ ದಿನವೂ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾರೆ. ಎರಡೂ ಹಾನಿಕರ.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕ್ ಇದೆ. ಬಗ್ಗಿ, ಮೈ ತಿರುಚಿ ಭಾರ ಎತ್ತುವಾಗ ಅದರ ಹೊರಪದರ ಬಿರಿದು, ಒಳಗಿನ ಮೃದು ಭಾಗ ಹೊರಬಂದು ನರವನ್ನು ಒತ್ತಬಹುದು. ಆಗ ನೋವು ಸೊಂಟದಲ್ಲಿ ನಿಲ್ಲದೆ, ತೊಡೆಯ ಹಿಂಭಾಗದಿಂದ ಪಾದಕ್ಕೆ ಇಳಿಯುತ್ತದೆ. ಬೋಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಇದನ್ನು ವಿವರಿಸಿದರು.

ಒಳ್ಳೆಯ ವೈದ್ಯರು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ: ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತುತ್ತಾರೆ, ಹೆಬ್ಬೆರಳಿನ ಬಲ, ಪಾದದ ಸ್ಪರ್ಶ ನೋಡುತ್ತಾರೆ. ಸ್ಕ್ಯಾನ್ ಮಾತ್ರ ನೋಡಿ ತೀರ್ಮಾನಿಸಲಾಗದು. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆನ್ನು ನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡಿಸ್ಕ್ ಉಬ್ಬಿದ್ದು ಕಂಡುಬಂತು!

ಡಿಸ್ಕ್ ಆಪರೇಷನ್ ಮುಖ್ಯವಾಗಿ ಕಾಲಿಗೆ ಇಳಿಯುವ ನೋವಿಗೆ. ಬರಿಯ ಸೊಂಟ ನೋವಿಗಲ್ಲ. 6ರಿಂದ 12 ವಾರ ತೀವ್ರ ಕಾಲುನೋವು ಅನುಭವಿಸಿದ 283 ಮಂದಿಯ ಡಚ್ ಅಧ್ಯಯನ 2007ರಲ್ಲಿ ಹೊರಬಂತು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಕಾದವರಲ್ಲಿ ಹತ್ತರಲ್ಲಿ ನಾಲ್ವರಿಗೆ ಮುಂದೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇಕಡಾ 95ರಷ್ಟು ಜನ ಚೇತರಿಸಿದ್ದರು. ಆದ್ದರಿಂದ ಹೆಚ್ಚಿನವರಿಗೆ ಯೋಚಿಸಲು ಸಮಯವಿದೆ.

ಆದರೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಎರಡೂ ಕಾಲು ಸೋತರೆ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನರ ಶಾಶ್ವತವಾಗಿ ಕೆಡಬಹುದು. ತಾಯಂದಿರೇ, ಇದನ್ನು ಹೇಳಲು ನಾಚಬೇಡಿ. ಪಾದ ಎತ್ತಲಾಗದಿದ್ದರೂ ತಡಮಾಡಬಾರದು. ನೋವಿನ ಜೊತೆ ಜ್ವರವಿದ್ದು ತೂಕ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯವಿರಬಹುದು, ಅದಕ್ಕೆ ಔಷಧವಿದೆ.

ಉಳಿದ ನೋವಿಗೆ ಒಂದೆರಡು ದಿನ ವಿಶ್ರಾಂತಿ ಸಾಕು. ಬಳಿಕ ಮೆಲ್ಲನೆ ನಡೆದಾಡಿ. ಬೆನ್ನು ತುಳಿಸಿಕೊಳ್ಳಬೇಡಿ. ಭಾರ ಎತ್ತುವಾಗ ಮೊಣಕಾಲು ಮಡಚಿ, ಹೊರೆಯನ್ನು ಮೈಗೆ ಹತ್ತಿರ ಹಿಡಿಯಿರಿ. ಒಬ್ಬರ ಹೊರೆಗೆ ಇನ್ನೊಬ್ಬರು ಹೆಗಲು ಕೊಡುವುದು ಕ್ರೈಸ್ತರ ಧರ್ಮ. ನೆರೆಯವರ ಚೀಲದ ಇನ್ನೊಂದು ತುದಿ ಹಿಡಿಯುವುದೂ ಅದರಲ್ಲಿ ಸೇರಿದೆ.