ಕಪ್ಪು ಸಾಹಿತ್ಯ ಮತ್ತು ಕನ್ನಡ: ನಂಟು ಬೆಳೆದದ್ದು ಹೇಗೆ, ಕೊರತೆ ಉಳಿದದ್ದು ಎಲ್ಲಿ?

ಬೆಂಗಳೂರು: ಚಿನುವ ಅಚಿಬೆ, ಟೋನಿ ಮಾರಿಸನ್, ಫ್ರಾಂಟ್ಜ್ ಫ್ಯಾನನ್ ಮುಂತಾದ ಹೆಸರುಗಳು ಬಸವನಗುಡಿ, ಮಲ್ಲೇಶ್ವರದ ಸಾಹಿತ್ಯಾಸಕ್ತರಿಗೆ ಹೊಸವಲ್ಲ. ವಿಶ್ವವಿದ್ಯಾಲಯಗಳ ಪಠ್ಯಗಳಲ್ಲಿ, ವಿಚಾರಸಂಕಿರಣಗಳಲ್ಲಿ ಈ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಆದರೆ ದೂರದ ಆಫ್ರಿಕಾ, ಅಮೆರಿಕ, ಕೆರಿಬಿಯನ್ ದ್ವೀಪಗಳ ಈ ಬರಹಕ್ಕೂ ಕನ್ನಡಕ್ಕೂ ಇರುವ ನಂಟು ಕೇವಲ ಓದಿನದಲ್ಲ. ಅದಕ್ಕೆ ಕರ್ನಾಟಕದ ನೆಲದಲ್ಲೇ ಒಂದು ಇತಿಹಾಸವಿದೆ.

ಮೈಸೂರಿನ ಒಂದು ಪ್ರಸಂಗ

1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎ ಸಂಸ್ಥೆಯ ವಿಶ್ವ ಸಮ್ಮೇಳನ ನಡೆಯಿತು. ಅದರಲ್ಲಿ ಪಾಲ್ಗೊಂಡವರಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ಅಮೆರಿಕನ್ ವಿದ್ವಾಂಸರೂ ಒಬ್ಬರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಭಾಷಣಕ್ಕೆ ಆಹ್ವಾನಿಸಿದರು. ಅಲ್ಲಿ ಮೇಸ್ ಅವರನ್ನು ಮಕ್ಕಳಿಗೆ ಪರಿಚಯಿಸಿದ್ದು ‘ಅಮೆರಿಕದ ಅಸ್ಪೃಶ್ಯ’ನೆಂದು, ಅಸ್ಪೃಶ್ಯನಾಗಿದ್ದೂ ಉನ್ನತ ಸ್ಥಾನಕ್ಕೇರಿದವರೆಂದು.

ಆ ಮಾತು ಕೇಳಿ ಮೊದಲು ಸಿಟ್ಟು ಬಂದಿತೆಂದೂ, ತಮ್ಮ ದೇಶದಲ್ಲಿ ತಾವು ನಿಜಕ್ಕೂ ಅಸ್ಪೃಶ್ಯರೇ ಎಂಬುದು ಮರುಕ್ಷಣವೇ ಮನವರಿಕೆಯಾಯಿತೆಂದೂ ಅವರು 1971ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈ ಮೇಸ್ ಅವರೇ ಮುಂದೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಅವರ ಶಿಷ್ಯರಾಗಿದ್ದರು. 1959ರ ಭಾರತ ಪ್ರವಾಸದಲ್ಲಿ ಕೇರಳದ ಶಾಲೆಯೊಂದರಲ್ಲಿ ತಮಗೂ ಇಂಥದೇ ಅನುಭವವಾಯಿತೆಂದು ಕಿಂಗ್ 1965ರಲ್ಲಿ ಚರ್ಚ್‌ನಲ್ಲಿ ಮಾಡಿದ ಉಪದೇಶವೊಂದರಲ್ಲಿ ತಿಳಿಸಿದ್ದರು.

ಕಪ್ಪು ಚಿಂತನೆ ಎಂದರೇನು?

ತಾಯ್ನೆಲದಿಂದ ಚದುರಿ ಹಲವು ದೇಶಗಳಲ್ಲಿ ನೆಲೆಸಿದ ಸಮುದಾಯವನ್ನು ‘ಡಯಾಸ್ಪೊರಾ’ ಎಂದು ಕರೆಯಲಾಗುತ್ತದೆ. ಆಫ್ರಿಕಾದ ಮಟ್ಟಿಗೆ ಈ ಚದುರುವಿಕೆ ಬಹುಪಾಲು ಬಲವಂತದ್ದು. ಗುಲಾಮರ ಹಡಗುಗಳಲ್ಲಿ ಸಾಗಿಸಲ್ಪಟ್ಟವರು ಊರು, ಕುಲ, ದೇವರುಗಳ ಜೊತೆಗೆ ಭಾಷೆಯನ್ನೂ ಕಳೆದುಕೊಂಡರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತನ್ನ ಬದುಕಿನ ಕಥೆಯನ್ನು ಪ್ರಕಟಿಸಿದ್ದು ಒಡೆಯರ ಭಾಷೆಯಾದ ಇಂಗ್ಲಿಷಿನಲ್ಲಿ.

ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸದಾ ಇತರರ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳಬೇಕಾದ ಕಪ್ಪು ಮನುಷ್ಯನ ಮನಸ್ಸು ಇಬ್ಭಾಗವಾಗಿರುತ್ತದೆ ಎಂದು ಅವರು ವಿವರಿಸಿದರು. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಲೇಖಕರು, 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಏಮೆ ಸೆಸೇರ್, ಲಿಯೊಪೋಲ್ಡ್ ಸೆಂಗೋರ್ ಮೊದಲಾದವರು ಅವಮಾನದ ಗುರುತಾಗಿದ್ದ ಕಪ್ಪು ಬಣ್ಣವನ್ನೇ ಅಭಿಮಾನದ ಹೆಸರಾಗಿಸಿಕೊಂಡರು. ಅವಮಾನವು ಮನಸ್ಸಿನೊಳಗೆ ಹೇಗೆ ಮನೆ ಮಾಡುತ್ತದೆ ಎಂಬುದನ್ನು ಮನೋವೈದ್ಯ ಫ್ಯಾನನ್ 1952ರಲ್ಲಿ ಶೋಧಿಸಿದರು.

ಕನ್ನಡಕ್ಕೆ ಬಂದ ದಾರಿ

ಭಾರತದಲ್ಲಿ ಈ ಹೋಲಿಕೆಯನ್ನು ಬಹಳ ಮೊದಲೇ ಗುರುತಿಸಿದವರು ಜೋತಿಬಾ ಫುಲೆ. 1873ರ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಅವರು ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. 1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೋರಿದರು. 1972ರಲ್ಲಿ ಮುಂಬೈಯ ಯುವ ಲೇಖಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯಿಂದ ಸ್ಫೂರ್ತಿ ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು.

ಅದೇ ಹೊತ್ತಿಗೆ ಕರ್ನಾಟಕದಲ್ಲೂ ನೆಲ ಹದವಾಗಿತ್ತು. ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂದು 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಆಡಿದ ಮಾತು ರಾಜ್ಯವ್ಯಾಪಿ ಗಲಭೆಗೆ ಕಾರಣವಾಗಿ, ಅವರು ಸಚಿವಸ್ಥಾನ ತೊರೆಯಬೇಕಾಯಿತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂತು. ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಶ್ರೀರಾಮಪುರದಲ್ಲಿ ಬೆಳೆದ ಈ ಕವಿ, ಬೈಗುಳವಾಗಿ ಬಳಕೆಯಾಗುತ್ತಿದ್ದ ಜಾತಿಯ ಹೆಸರನ್ನೇ ಪುಸ್ತಕದ ಹಣೆಯ ಮೇಲೆ ಬರೆದರು. ಸೆಸೇರ್ ಮತ್ತು ಸಂಗಡಿಗರು ‘ಕಪ್ಪು’ ಎಂಬ ಪದಕ್ಕೆ ಮಾಡಿದ್ದು ಇದನ್ನೇ.

1979ರಲ್ಲಿ ಧರ್ಮಸ್ಥಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಏರ್ಪಟ್ಟಾಗ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ಎದ್ದಿತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಒಪ್ಪಲಿಲ್ಲ. ಪ್ರತಿಯಾಗಿ ಬೆಂಗಳೂರಿನಲ್ಲೇ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. 1981ರಲ್ಲಿ ಪತ್ರಕರ್ತ ವಿ.ಟಿ. ರಾಜಶೇಖರ್ ಬೆಂಗಳೂರಿನಿಂದ ‘ದಲಿತ್ ವಾಯ್ಸ್’ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ದಲಿತರನ್ನು ಭಾರತದ ಕಪ್ಪು ಜನರೆಂದು ಬಣ್ಣಿಸಿದ ಅವರ ಪುಸ್ತಕ ಅಮೆರಿಕದಲ್ಲೂ ಪ್ರಕಟವಾಯಿತು.

ಹೋಲಿಕೆಗೆ ಮಿತಿಯೂ ಉಂಟು

ಆದರೆ ಜಾತಿ ಮತ್ತು ಜನಾಂಗ ಎರಡೂ ಒಂದೇ ಅಲ್ಲ. ಕಪ್ಪು ಜನರು ತಮ್ಮ ನೆಲದಿಂದಲೇ ಕಿತ್ತೊಗೆಯಲ್ಪಟ್ಟವರು. ದಲಿತರು ಹುಟ್ಟಿದ ಊರಿನಲ್ಲೇ ಊರಾಚೆ ಇರಿಸಲ್ಪಟ್ಟವರು. ಬಣ್ಣ ಕಣ್ಣಿಗೆ ಕಾಣುತ್ತದೆ. ಜಾತಿಯನ್ನು ಕೇಳಿ ತಿಳಿಯಬೇಕಾಗುತ್ತದೆ. 2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯ ಪ್ರಶ್ನೆಯನ್ನು ಸೇರಿಸುವ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಸೇರಿಸಕೂಡದೆಂಬುದು ಭಾರತ ಸರ್ಕಾರದ ನಿಲುವಾಗಿತ್ತು.

ಭಾಷೆಯ ವಿಷಯದಲ್ಲಂತೂ ವ್ಯತ್ಯಾಸ ಸ್ಪಷ್ಟ. ಅಮೆರಿಕ, ಕೆರಿಬಿಯನ್‌ನ ಕಪ್ಪು ಲೇಖಕರು ಇಂಗ್ಲಿಷ್, ಫ್ರೆಂಚ್ ಭಾಷೆಗಳನ್ನೇ ಬಗ್ಗಿಸಿ ಬಳಸಬೇಕಾಯಿತು. ಕನ್ನಡದ ದಲಿತ ಲೇಖಕರ ಬಳಿ ಕೇರಿಯ ನುಡಿ ಜೀವಂತವಾಗಿತ್ತು. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ ಶಿಷ್ಟ ಕನ್ನಡವನ್ನು ಬದಿಗಿಟ್ಟು ತನ್ನ ಸೀಮೆಯ ಆಡುಮಾತಿನಲ್ಲೇ ಅರಳಿತು.

ನಮ್ಮ ನಡುವಿನ ಆಫ್ರಿಕಾ

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವವರು ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಇವರು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನನಂಥ ಆಫ್ರಿಕಾ ಮೂಲದವರು ಉನ್ನತ ಅಧಿಕಾರ ಹೊಂದಿದ್ದುದೂ ಇತಿಹಾಸದಲ್ಲಿದೆ. ಇಂದು ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕೊಂಕಣಿ, ಕನ್ನಡ, ಉರ್ದು, ಮರಾಠಿ ಅವರ ನಾಲಿಗೆಯ ಮೇಲಿವೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿಗಳೊಡನೆ ಒಂದು ಅಪರೂಪದ ಪ್ರಯೋಗ ನಡೆಸಿತು. ಅಚಿಬೆಯವರ 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆ ನಿರ್ದೇಶಿಸಿದರು. ಬಿಳಿಯರ ಆಗಮನದಿಂದ ಕುಸಿದ ನೈಜೀರಿಯದ ಹಳ್ಳಿಯೊಂದರ ಕಥೆಯನ್ನು, ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಸಂತತಿ ಕನ್ನಡದಲ್ಲಿ ಅಭಿನಯಿಸಿತು. ಕಪ್ಪು ಸಾಹಿತ್ಯ ಕನ್ನಡಕ್ಕೆ ಇಷ್ಟು ಹತ್ತಿರ ಬಂದ ನಿದರ್ಶನ ಇನ್ನೊಂದು ಸಿಗುವುದು ಕಷ್ಟ.

ಆದರೂ ಅಲ್ಲಿ ಮಾತು ಅಚಿಬೆಯವರದು, ನಿರ್ದೇಶನ ಹೊರಗಿನವರದು. ಸಿದ್ದಿಗಳ ಹಾಡು, ಡಮಾಮಿ ಕುಣಿತಗಳು ಉತ್ಸವಗಳ ವೇದಿಕೆಯಲ್ಲಿ ಜನಪ್ರಿಯವಾಗಿವೆ. ಆದರೆ ಸಿದ್ದಿಗಳೇ ತಮ್ಮ ಬದುಕನ್ನು ಕುರಿತು ಬರೆದ ಪುಸ್ತಕಗಳು ಓದುಗರ ಕಪಾಟಿನಲ್ಲಿ ಕಾಣಿಸುವುದು ವಿರಳ.

ಓದು ಮತ್ತು ಬೀದಿ

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಅಪಘಾತವೊಂದರಲ್ಲಿ ಮಹಿಳೆಯೊಬ್ಬರು ಮೃತಪಟ್ಟರು. ಕಾರು ಚಲಾಯಿಸುತ್ತಿದ್ದವನು ಸುಡಾನಿನ ವಿದ್ಯಾರ್ಥಿ. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ, ಘಟನೆಗೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಬಣ್ಣವೊಂದೇ ಗುರುತಾಯಿತು, ಗುರುತೇ ಅಪರಾಧವಾಯಿತು. ಕಪ್ಪು ಲೇಖಕರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಬರೆಯುತ್ತಾ ಬಂದಿರುವುದು ಇದನ್ನೇ.

ಹೀಗಾಗಿ ಕಪ್ಪು ಸಾಹಿತ್ಯವನ್ನು ಪರದೇಶದ ನೋವಿನ ಕಥೆಯೆಂದು ಓದಿ ಮರುಗುವುದಷ್ಟೇ ಕನ್ನಡದ ಓದುಗರ ಪಾಲಿನ ಕೆಲಸವಲ್ಲ. ಅದರೊಡನೆ ನಿಜವಾದ ಸಂವಾದ ನಡೆಸಿದವರು ಕೇರಿಯಿಂದ ಬಂದ ಲೇಖಕರು. ತಮ್ಮ ಅವಮಾನಕ್ಕೆ ಹೆಸರಿಡುವ ಧೈರ್ಯ ಅವರಿಗೆ ಅಲ್ಲಿಂದಲೂ ಒದಗಿತು. ಮುಂದಿನ ಸರದಿ ಮಂಚೀಕೇರಿಯ ಕಡೆಯದು. ಸಿದ್ದಿ ಯುವಜನರು ತಮ್ಮ ಕಥೆಯನ್ನು ತಾವೇ ಬರೆದು ಚಾಮರಾಜಪೇಟೆಯ ವೇದಿಕೆಯಲ್ಲಿ ಓದುವ ದಿನ ಬಂದಾಗ, ಆಫ್ರಿಕಾ ಮೂಲದವರ ವಿಶ್ವ ಸಾಹಿತ್ಯಕ್ಕೆ ಕನ್ನಡವೂ ತನ್ನ ಪಾಲು ಸಲ್ಲಿಸಿದಂತಾಗುತ್ತದೆ.