ಕೈಯೊಳಗಿನ ಕಾಗುಣಿತ

ಕೆಂಗೇರಿಯಿಂದ ಊರೊಳಕ್ಕೆ ಬರುವ ಮೆಟ್ರೊ ಗಾಡಿಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ನಿಲ್ಲುವುದಕ್ಕೆ ಸ್ಥಳ ದೊರೆತರೆ ಅದೇ ದೊಡ್ಡ ಭಾಗ್ಯ. ಹಾಗೆ ನಿಂತವನ ಕಣ್ಣಿಗೆ ಅಕ್ಕಪಕ್ಕದವರ ಮೊಬೈಲಿನ ತೆರೆ ಬೇಡವೆಂದರೂ ಬೀಳುತ್ತದೆ. ಪರರ ಕಾಗದವನ್ನು ಓದುವುದು ಅಸಭ್ಯತೆಯೆಂಬುದನ್ನು ಅರಿಯದವನಲ್ಲ; ಆದರೆ ಭಾಷೆ ಯಾವುದು, ಲಿಪಿ ಯಾವುದು ಎಂದು ತಿಳಿಯುವಷ್ಟು ಮಾತ್ರ ನೋಡಿ ದೃಷ್ಟಿಯನ್ನು ಹಿಂದೆಗೆದುಕೊಂಡರೆ ಅಂಥ ದೋಷವೇನೂ ಇರಲಾರದೆಂದು ಸಮಾಧಾನ ಮಾಡಿಕೊಂಡು, ಜ್ಞಾನಭಾರತಿ, ನಾಯಂಡಹಳ್ಳಿ, ಅತ್ತಿಗುಪ್ಪೆಗಳನ್ನು ದಾಟಿ ವಿಜಯನಗರ ಬರುವತನಕ ಈ ಒಂದು ಪರೀಕ್ಷೆಯನ್ನು ಎಷ್ಟೋ ದಿನ ನಡೆಸಿದ್ದೇನೆ. ಭಾಷೆ ಹೆಚ್ಚಿನಂಶ ಕನ್ನಡವೇ. “ಊಟ ಆಯ್ತಾ”, “ಎಲ್ಲಿದ್ದೀಯ”, “ಅಮ್ಮನಿಗೆ ಹೇಳು” ಎಂಬ ನಮ್ಮ ಮನೆಮಾತೇ. ಆದರೆ ಅದು ತೊಟ್ಟಿರುವ ಉಡುಪು ರೋಮನ್ ಲಿಪಿಯದು.

ಇದಕ್ಕೆ ಬರೆಯುವವರನ್ನು ಬೈದು ಪ್ರಯೋಜನವಿಲ್ಲ. ಈ ಅಭ್ಯಾಸ ಹುಟ್ಟಿದ ಕಾಲದಲ್ಲಿ ಅದಕ್ಕೆ ತಕ್ಕ ಕಾರಣಗಳಿದ್ದವು. ಸ್ಮಾರ್ಟ್‌ಫೋನುಗಳಿಗೆ ಮುಂಚೆ ಬಂದ ಎಷ್ಟೋ ಮೊಬೈಲುಗಳಲ್ಲಿ ಕನ್ನಡವನ್ನು ತೋರಿಸುವ ಅಚ್ಚೇ ಇರಲಿಲ್ಲ. ಕಳಿಸಿದ ಅಕ್ಷರ ಆ ಕಡೆ ಸಾಲು ಸಾಲು ಚೌಕಗಳಾಗಿ ಇಳಿಯುತ್ತಿತ್ತು. ಅದಕ್ಕಿಂತ ಮಿಗಿಲಾದದ್ದು ಲೆಕ್ಕಾಚಾರದ ಕಾರಣ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಸ್ಥಳವುಂಟು. ಕನ್ನಡದಂಥ ಲಿಪಿಯಾದರೆ 70 ಮಾತ್ರ. ಆ 70 ಕೂಡ ನಾವು ಕಣ್ಣಿನಿಂದ ಎಣಿಸುವ ಅಕ್ಷರಗಳಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸಕಾರ, ಒಂದು ಹಲಂತ, ತಕಾರ, ಇನ್ನೊಂದು ಹಲಂತ, ರಕಾರ, ಕೊನೆಗೆ ದೀರ್ಘದ ಗುಡಿಸು, ಹೀಗೆ ಆರು. ಹಬ್ಬದ ಶುಭಾಶಯವನ್ನು ಕನ್ನಡದಲ್ಲಿ ಕಳಿಸಿದವನು ಎರಡು ಸಂದೇಶಗಳ ದುಡ್ಡು ತೆರಬೇಕಾಗುತ್ತಿತ್ತು. ಜನ ಅಗ್ಗದ ದಾರಿಯನ್ನು ಹಿಡಿದರು. ಇಂದು ಆ ಚೌಕಗಳೂ ಇಲ್ಲ, ವಾಟ್ಸ್ಯಾಪಿನಲ್ಲಿ ಅಕ್ಷರದ ಲೆಕ್ಕಕ್ಕೆ ದುಡ್ಡೂ ಇಲ್ಲ. ಕಾರಣ ಹೋಗಿ ಅಭ್ಯಾಸ ಉಳಿದಿದೆ.

ಕಾರಣ ತಾನಾಗಿಯೇ ಹೋಗಲಿಲ್ಲವೆಂಬುದನ್ನು ಮಾತ್ರ ನೆನೆಯಬೇಕು. ಕೆ. ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆಯನ್ನು ಕೂರಿಸಿದರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ಸೇರಿತು. ಅದರ ಕೀಲಿಮಣೆ ರಾಯರ ವಿನ್ಯಾಸವೇ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಮನೆಗಳ ಒಂದು ಕೇರಿ ದೊರೆತಿತ್ತು. ಆದರೆ ಮನೆಯ ನಂಬರು ಸಿಕ್ಕಿತೆಂದ ಮಾತ್ರಕ್ಕೆ ವಾಸ ಹೂಡಿದಂತಾಗುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಒತ್ತಕ್ಷರ ಸಹಿತವಾಗಿ ಕಾಣಿಸಿಕೊಂಡದ್ದು 2012ರ 4.1 ಆವೃತ್ತಿಯಿಂದ; ಐಫೋನಿಗೆ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. 2016ರಲ್ಲಿ ಭಾರತ ಸರ್ಕಾರ ಗೊತ್ತುಮಾಡಿದ ಮಾನಕದ ಪ್ರಕಾರ, ಇಲ್ಲಿ ಮಾರುವ ಫೋನಿನಲ್ಲಿ 22 ಭಾಷೆಗಳನ್ನೂ ಓದಲು ಬರಬೇಕು. ಬರೆಯುವುದಕ್ಕೆ ಮಾತ್ರ ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠಪಕ್ಷ ಇನ್ನೊಂದು ಭಾಷೆ ಇದ್ದರೆ ಸಾಕು. ಆ ‘ಇನ್ನೊಂದು’ ಯಾವುದೆಂಬುದನ್ನು ಕೊಳ್ಳುವಾಗಲೇ ವಿಚಾರಿಸಿಕೊಳ್ಳುವುದು ಲೇಸು.

ವಿಜಯನಗರದ ಹಂಪಿನಗರದ ಗ್ರಂಥಾಲಯವನ್ನು ಬಲ್ಲವರಿಗೆ ಅಲ್ಲಿಯ ದೃಶ್ಯ ಗೊತ್ತು. ಸ್ಪರ್ಧಾ ಪರೀಕ್ಷೆಗಳಿಗೆ ಸಿದ್ಧರಾಗಲು ನಾಡಿನ ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಓದುತ್ತಾರೆ; ಪುಸ್ತಕದ ಪಕ್ಕದಲ್ಲಿ ಮೊಬೈಲು. ಅಲ್ಲಿ ಪರಿಚಯವಾದ ಒಬ್ಬ ವಿದ್ಯಾರ್ಥಿನಿ ಕನ್ನಡ ಮಾಧ್ಯಮದಲ್ಲಿಯೇ ಉತ್ತರ ಬರೆಯಬೇಕೆಂದಿರುವವಳು. ಆಕೆಯ ಟಿಪ್ಪಣಿಗಳೆಲ್ಲ ಮೊಬೈಲಿನಲ್ಲಿ, ರೋಮನ್ ಲಿಪಿಯಲ್ಲಿ.

“ಯಾಕಮ್ಮ ಹೀಗೆ?” ಎಂದೆ.

“ಕನ್ನಡದ ಕೀಲಿಮಣೆ ನಿಧಾನ ಸಾರ್” ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: “ಈಗ ಪೆನ್ನು ಹಿಡಿದು ಕೂತ್ರೆ ಎಲ್ಲಿ ಮಹಾಪ್ರಾಣ, ಎಲ್ಲಿ ಷಕಾರ ಅಂತ ಅನುಮಾನ ಬರ್ತದೆ. ಮುಂಚೆ ಹೀಗಿರಲಿಲ್ಲ. ಶಾಲೆಯಲ್ಲಿ ಉಕ್ತಲೇಖನಕ್ಕೆ ನನಗೇ ಮೊದಲ ಸ್ಥಾನ ಸಾರ್.”

ಇದನ್ನು ಕೇಳಿದಾಗ ನನಗೆ ವಿಷಯದ ತೂಕ ತಿಳಿಯಿತು. ರೋಮನ್ ಲಿಪಿಯಲ್ಲಿ ‘ಕಲ್ಲು’ ಮತ್ತು ‘ಕಳ್ಳು’ ಎರಡಕ್ಕೂ ಬರವಣಿಗೆ ಒಂದೇ. “ಊರಿಂದ ಬರುವಾಗ ಕಲ್ಲು ತರುತ್ತೇನೆ” ಎಂದು ಬರೆದವನನ್ನು ಮನೆಯವರು ಹೇಗೆ ಬೇಕಾದರೂ ಅರ್ಥಮಾಡಿಕೊಳ್ಳಬಹುದು. ‘ಹಲ್ಲಿ’ಗೂ ‘ಹಳ್ಳಿ’ಗೂ, ‘ಬಲೆ’ಗೂ ‘ಬಳೆ’ಗೂ ಇದೇ ಗತಿ. ಮಾತಿನ ಸಂದರ್ಭದಿಂದ ಓದುವವನು ಸರಿಪಡಿಸಿಕೊಳ್ಳುತ್ತಾನೆ, ನಿಜ. ಆದರೆ ಬರೆಯುವವನ ಕೈ ಸರಿಪಡಿಸಿಕೊಳ್ಳುವುದಿಲ್ಲ. ಅದು ಮರೆಯುತ್ತದೆ. ಮೂರು ಗಂಟೆ ಹೊತ್ತು ಕೈಯಿಂದಲೇ ಉತ್ತರ ಬರೆಯಬೇಕಾದವಳಿಗೆ ಈ ಮರೆವು ಅಂಕಗಳ ಮಾತು, ಉದ್ಯೋಗದ ಮಾತು.

ನಿಧಾನವೆಂಬ ಆಕ್ಷೇಪಣೆಯನ್ನು ಅಲ್ಲಿಯೇ ಪರೀಕ್ಷಿಸಿ ನೋಡಿದೆವು. ‘ಕನ್ನಡ’ ಎಂಬ ಶಬ್ದವನ್ನು ರೋಮನ್ ಲಿಪಿಯಲ್ಲಿ ಬರೆಯಲು ಏಳು ಕೀಲಿಗಳನ್ನು ಒತ್ತಬೇಕು. ರಾಯರ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದೇ ಐದು. ನಮ್ಮ ವ್ಯಂಜನದ ಹೊಟ್ಟೆಯಲ್ಲಿ ಅಕಾರ ಮೊದಲೇ ಕುಳಿತಿರುವುದರಿಂದ ಅದನ್ನು ಪ್ರತ್ಯೇಕವಾಗಿ ಒತ್ತಬೇಕಾಗಿಲ್ಲ; ಒತ್ತಕ್ಷರ ಬೇಕಾದಲ್ಲಿ ಮಾತ್ರ ಎಫ್ ಕೀಲಿ ಹಲಂತವಾಗಿ ನಡುವೆ ಬಂದು ಎರಡನ್ನೂ ಬೆಸೆಯುತ್ತದೆ. ಟಕಾರ ಕ್ಯೂ ಕೀಲಿಯಲ್ಲೂ ಡಕಾರ ಡಬ್ಲ್ಯುವಿನಲ್ಲೂ ಇರುವುದೊಂದೇ ಹೊಸಬರಿಗೆ ವಿಚಿತ್ರವಾಗಿ ಕಾಣುವುದು. ಮಹಾಪ್ರಾಣಕ್ಕೆ ದೊಡ್ಡಕ್ಷರ. ಒಂದು ವಾರದ ಅಭ್ಯಾಸ ಸಾಕು. ಈ ವಿನ್ಯಾಸವುಳ್ಳ ಕೀಲಿಮಣೆ ಆ್ಯಪ್‌ಗಳು ಮೊಬೈಲಿಗೂ ಉಚಿತವಾಗಿ ದೊರೆಯುತ್ತವೆ. ಆದರೆ ಇಲ್ಲೊಂದು ಎಚ್ಚರಿಕೆ. ನಾವು ಒತ್ತುವುದೆಲ್ಲವೂ ಕೀಲಿಮಣೆಯ ಮೂಲಕವೇ ಹಾಯುವುದರಿಂದ, ತಯಾರಿಸಿದವರು ಯಾರೆಂದು ತಿಳಿಯದ ಆ್ಯಪನ್ನು ಇಳಿಸಿಕೊಳ್ಳಬಾರದು. ಬ್ಯಾಂಕಿನ ಗುಪ್ತಪದವನ್ನು ಒತ್ತುವಾಗ ಫೋನಿನ ಜೊತೆಗೆ ಬಂದ ಕೀಲಿಮಣೆಗೇ ಮರಳುವುದು ಕ್ಷೇಮ.

ಎಲ್ಲರಿಗೂ ರಾಯರ ವಿನ್ಯಾಸವೇ ಆಗಬೇಕೆಂದು ನಾನು ಹಟ ಹಿಡಿಯುವವನಲ್ಲ. ಕನ್ನಡ ವರ್ಣಮಾಲೆಯನ್ನೇ ತೆರೆಯ ಮೇಲೆ ಹರಡುವ ಕೀಲಿಮಣೆ ಇದೆ. ಕಲಿಯಬೇಕಾದದ್ದೇನೂ ಇಲ್ಲ, ಆದರೆ ಮನೆಗಳು ಕಿರಿದು, ದಪ್ಪ ಬೆರಳಿನವರಿಗೆ ತೊಂದರೆ. ಬೆರಳಿನಿಂದ ತೆರೆಯ ಮೇಲೆ ಬರೆದರೆ ಗುರುತಿಸಿ ಅಚ್ಚಿನಕ್ಷರ ಮಾಡಿಕೊಡುವ ಸೌಕರ್ಯವೂ ಉಂಟು. ವಯಸ್ಸಾದವರಿಗೆ ನಾನು ಅದನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಅವರ ಕೈಗೆ ಗೊತ್ತಿರುವುದನ್ನೇ ಅದು ಕೇಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಮಾಡಿ ತೋರಿಸುವ ಲಿಪ್ಯಂತರದ ಕ್ರಮ ಬಹುಜನಪ್ರಿಯ. ಅದು ಓದುವವರಿಗೆ ಉಪಕಾರ. ಬರೆಯುವವನ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಯಾವ ಳಕಾರ, ಯಾವ ಷಕಾರ ಎಂಬ ನಿರ್ಣಯವನ್ನು ಯಂತ್ರಕ್ಕೆ ಬಿಟ್ಟುಕೊಡುವುದಾದರೆ ಆ ವಿದ್ಯಾರ್ಥಿನಿಯ ಕಷ್ಟ ಹಾಗೆಯೇ ಉಳಿಯಿತು.

ಮಾತನ್ನು ಕೇಳಿ ಬರೆದುಕೊಳ್ಳುವ ಸೌಕರ್ಯವನ್ನು ಗೂಗಲ್ ಸಂಸ್ಥೆ 2017ರಲ್ಲಿ ಕನ್ನಡಕ್ಕೂ ತಂದಿತು. ಮೊದಲ ಬಾರಿ ಪ್ರಯೋಗಿಸಿದವರಿಗೆ ರೋಮಾಂಚವಾಗದಿರದು. ನುಡಿದಂತೆ ಬರೆಯುವುದೇ ನಮ್ಮ ಲಿಪಿಯ ಜಾಯಮಾನವಾದ್ದರಿಂದ ಇಂಗ್ಲಿಷಿಗಿಂತ ನಮಗೆ ಅದು ಒಪ್ಪುವಂಥದು. ಆದರೆ ನಾನು ಬಳಸಿದ ಮಟ್ಟಿಗೆ ಹೇಳುವುದಾದರೆ, ಪಠ್ಯಪುಸ್ತಕದ ಕನ್ನಡವನ್ನು ಅದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಹೆಸರುಗಳಲ್ಲಿ ತಡವರಿಸುತ್ತದೆ, ಊರ ಕಡೆಯ ಮಾತಿಗೆ ಪೇಟೆಯ ವೇಷ ತೊಡಿಸಿಬಿಡುತ್ತದೆ. ಪೂರ್ಣವಿರಾಮವನ್ನಂತೂ ನಾವೇ ಇಡಬೇಕು. ಸಾಮಾನ್ಯವಾಗಿ ಅಂತರ್ಜಾಲದ ಸಂಪರ್ಕವೂ ಬೇಕಾಗುತ್ತದೆ. ಕರಡಿಗೆ ಅನುಕೂಲ, ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ಕಣ್ಣಾಡಿಸದೆ ಬಿಡಬಾರದು.

ಬಸವೇಶ್ವರನಗರದಲ್ಲಿ ನಿವೃತ್ತರಾದ ಕನ್ನಡ ಉಪಾಧ್ಯಾಯಿನಿಯೊಬ್ಬರು ನನಗೆ ಹಲವು ವರ್ಷಗಳ ಪರಿಚಿತರು. ಮೊನ್ನೆ ತಮ್ಮ ಲೇಖನವೊಂದನ್ನು ಮೊಬೈಲಿನಲ್ಲಿ ತೆರೆದು ತೋರಿಸಿ, “ನೋಡಿ, ಇದು ಯಾವ ದೇಶದ ಭಾಷೆ?” ಎಂದು ಕೇಳಿದರು. ತೆರೆಯ ತುಂಬ ರೋಮನ್ ಅಕ್ಷರಗಳೂ ಕೊಂಬುಕೋಡುಗಳ ಚಿಹ್ನೆಗಳೂ ಚೆಲ್ಲಿದ್ದವು. ಹದಿನೈದು ವರ್ಷ ಶ್ರಮವಹಿಸಿ ಹಳೆಯ ‘ನುಡಿ’ ಅಚ್ಚಿನಲ್ಲಿ ಅವರು ಬೆರಳಚ್ಚಿಸಿಟ್ಟ ಪಾಠಗಳು, ಒಗಟು ಗಾದೆಗಳ ಸಂಗ್ರಹ, ಒಂದು ಅಚ್ಚಾಗದ ಕಾದಂಬರಿ, ಎಲ್ಲವೂ ಆ ಸ್ಥಿತಿಯಲ್ಲಿ. ಇಂಥವರು ಅಧ್ಯಾಪಕ ವರ್ಗದಲ್ಲಿಯೂ ಲೇಖಕ ವರ್ಗದಲ್ಲಿಯೂ ಬಹಳ ಮಂದಿ ಇದ್ದಾರೆಂದು ಬಲ್ಲೆನಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೂನಿಕೋಡು ಬಳಕೆಗೆ ಬರುವ ಮುಂಚಿನ ಅಚ್ಚುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದರು. ಆ ಅಚ್ಚು ಇರುವ ಗಣಕದಲ್ಲಿ ಕನ್ನಡ ಕಾಣುತ್ತದೆ. ಅಚ್ಚು ಇಲ್ಲದ ಮೊಬೈಲಿನಲ್ಲಿ ಬಾಡಿಗೆದಾರನು ಮಾಯವಾಗಿ ಮನೆಯೊಡೆಯನೇ ಬಾಗಿಲಿಗೆ ಬರುತ್ತಾನೆ. ಹಾಗಾಗಿ ಬರೆದದ್ದು ಹಾಳಾಗಿಲ್ಲ, ವಿಳಾಸ ಮಾತ್ರ ತಪ್ಪಿದೆ. ಹಳೆಯ ಅಚ್ಚಿನಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಲಭ್ಯವಿವೆ. ಪುಟಗಟ್ಟಲೆ ಬರಹ ಕ್ಷಣಮಾತ್ರದಲ್ಲಿ ಮರುಜನ್ಮ ಪಡೆಯುತ್ತದೆ. ಪರಿವರ್ತನೆಯಾದ ಮೇಲೆ ಮುಖ್ಯವಾಗಿ ಅರ್ಕಾವೊತ್ತುಗಳನ್ನು ಪರಿಶೀಲಿಸಬೇಕು. ಹಳೆಯ ಅಚ್ಚಿನಲ್ಲಿ ‘ಸೂರ್ಯ’ ಶಬ್ದದ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಯಕಾರದ ಅನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮುಂಚೆ ಬರಬೇಕು. ಈ ಸ್ಥಾನಪಲ್ಲಟದಲ್ಲಿ ಕೆಲವೊಮ್ಮೆ ಯಂತ್ರ ಎಡವುತ್ತದೆ. ಹಾಗೆಯೇ ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ತಗುಲಿ ‘ರಾಜ್ಕುಮಾರ್’ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಉಂಟು. ಕೀಲಿಮಣೆಯಲ್ಲಿ ಅದಕ್ಕೆಂದೇ ಇರುವ ಕೀಲಿಯನ್ನು ಗುರುತಿಸಿಟ್ಟುಕೊಂಡರೆ ಅನೇಕ ಹೆಸರುಗಳ ಮಾನ ಉಳಿಯುತ್ತದೆ. ಆ ತಾಯಿಯ ಕಾದಂಬರಿ ಈಗ ನೂರ ಹತ್ತನೆಯ ಪುಟದವರೆಗೆ ಪರಿಶೀಲನೆಯಾಗಿದೆ. ದಿನಕ್ಕೆ ಐದು ಪುಟವೆಂದು ಅವರು ನೇಮ ಇಟ್ಟುಕೊಂಡಿದ್ದಾರೆ.

ಓದುವವರಿಗೆ ಮೊಬೈಲು ಮಾಡಿರುವ ಉಪಕಾರಗಳಲ್ಲಿ ನಿಘಂಟುಗಳಿಗೆ ನಾನು ಅಗ್ರಸ್ಥಾನ ಕೊಡುತ್ತೇನೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಿಂದ ಇದೆ. 2019ರಲ್ಲಿ ಪ್ರಕಟವಾದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ಒಂದೂವರೆ ಲಕ್ಷ ಶಬ್ದಗಳಿವೆ, ವಿ. ಕೃಷ್ಣ ಅವರೊಬ್ಬರೇ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕುಳಿತು ಸಂಕಲಿಸಿದ್ದು, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಟ್ಟದ್ದು. ತರಗತಿಯ ಹುಡುಗನೊಬ್ಬ ಅನುಮಾನ ಬಂದೊಡನೆ ಜೇಬಿನಿಂದ ಇಷ್ಟು ದೊಡ್ಡ ಶಬ್ದಸಂಪತ್ತನ್ನು ಹೊರತೆಗೆಯಬಹುದೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಇದರಲ್ಲಿ ಕನ್ನಡ ಪದವನ್ನು ಕನ್ನಡ ಅಕ್ಷರದಲ್ಲಿ ಹುಡುಕುವ ಸುಖ ಕಾಗುಣಿತ ಬಲ್ಲವನಿಗೆ ಮಾತ್ರ.

ದಿನಬಳಕೆಯ ಆ್ಯಪ್‌ಗಳ ವಿಷಯ ಎರಡು ಮಾತಿನಲ್ಲಿ ಮುಗಿಸಬಹುದು. ಮೆಟ್ರೊ ನಿಗಮ 2022ರ ರಾಜ್ಯೋತ್ಸವದ ದಿನ ವಾಟ್ಸ್ಯಾಪಿನ ಮೂಲಕ ಟಿಕೆಟು ಕೊಡಲು ತೊಡಗಿದಾಗ ಕನ್ನಡದಲ್ಲಿಯೂ ವ್ಯವಹರಿಸುವ ಏರ್ಪಾಡು ಮಾಡಿತು. ಅದೇ ತಿಂಗಳಲ್ಲಿ ಆಟೊ ಚಾಲಕರ ಸಂಘದ ಬೆಂಬಲದಿಂದ ಬಂದ ‘ನಮ್ಮ ಯಾತ್ರಿ’ಯೂ ಕನ್ನಡ ಬಲ್ಲದು. ರಾಜಾಜಿನಗರದ ಅಂಗಡಿಗಳಲ್ಲಿ ಹಣ ಸಂದಾಯವಾದುದನ್ನು ಪುಟ್ಟ ಪೆಟ್ಟಿಗೆಗಳು ಕನ್ನಡದಲ್ಲಿ ಕೂಗಿ ಹೇಳುತ್ತವೆ. ಎಷ್ಟೋ ಆ್ಯಪ್‌ಗಳ ಕನ್ನಡ ಮಾತ್ರ ಭಾಷಾಂತರಕಾರನ ಕೈಯಲ್ಲಿ ಒಣಗಿಹೋದ ಕನ್ನಡ. ಅದನ್ನು ಓದುವುದಕ್ಕಿಂತ ಇಂಗ್ಲಿಷೇ ವಾಸಿಯೆನ್ನುವವರ ಮೇಲೆ ನನಗೆ ಕೋಪವಿಲ್ಲ.

ಹಳಗನ್ನಡದ ವಿದ್ಯಾರ್ಥಿಗಳಿಗೆ ಒಂದು ಸೋಜಿಗವನ್ನು ತಿಳಿಸಬೇಕು. ಪಂಪನ ಕಾಲದ ‘ಱ’ ಮತ್ತು ‘ೞ’ ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವುಂಟು. ಆದರೆ ೞಕ್ಕೆ ಹೆಸರಿಡುವಾಗ ಯಾರೋ ಪ್ರಮಾದವಶಾತ್ ‘ಕನ್ನಡದ ಎಫ್-ಎ ಅಕ್ಷರ’ ಎಂದು ದಾಖಲು ಮಾಡಿಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ‘ಆಳ್’ ಎಂದರೆ ಆಳುವುದು, ‘ಆೞ್’ ಎಂದರೆ ಮುಳುಗುವುದು ಎಂಬ ಭೇದವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕಾದವರು, ಕೀಲಿಮಣೆಯಲ್ಲಿ ಳಕಾರವನ್ನು ಬಹುಹೊತ್ತು ಒತ್ತಿ ಹಿಡಿದು ನೋಡಲಿ. ಅಲ್ಲಿ ಸಿಕ್ಕದಿದ್ದರೆ ಅಂತರ್ಜಾಲದ ಯಾವುದಾದರೊಂದು ಹಳಗನ್ನಡ ಪಾಠದಿಂದ ಆ ಅಕ್ಷರವನ್ನು ಒಮ್ಮೆ ನಕಲು ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಲಿ.